ಷರೀಫಜ್ಜನ ಪದಕ್ಕೆ ಗಿಟಾರು ಮೈಲಿಗೆಯೇ?



‘ತತ್ವಪದಕ್ಕೆ ಏಕತಾರಿಯೇ ಭೂಷಣ. ಗಿಟಾರು, ಡ್ರಮ್ಮುಗಳನ್ನು ಬಡಿದು ಶಿಶುನಾಳ ಷರೀಫಜ್ಜನ ಪದ ಹಾಡುವುದು ಆ ಮಹಾನುಭಾವನಿಗೆ ಬಗೆದ ಅಪಚಾರ.’ ಈ ಮಾತನ್ನು ನಮ್ಮ ದಡ್ಡಿಯ ಕಡೆಯಲ್ಲಿಯೂ, ಗೋಕಾಕ, ಹುಕ್ಕೇರಿಗಳ ಸಾಹಿತ್ಯ ಸಭೆಗಳಲ್ಲಿಯೂ ಹಲವು ಸಲ ಕೇಳಿದ್ದೇನೆ. ಹೇಳುವವರು ಸಾಮಾನ್ಯರಲ್ಲ, ಓದಿದವರು, ವೇದಿಕೆ ಬಲ್ಲವರು, ಕೆಲವರು ನನ್ನ ವೃತ್ತಿಬಾಂಧವರು. ಹೀಗಾಗಿ ಅವರ ಮಾತಿಗೆ ತೂಕವಿದೆ, ಆ ತೂಕದ ಕೆಳಗೆ ಎಳೆಯರ ಉತ್ಸಾಹ ನಲುಗುತ್ತಿದೆ. ಆದುದರಿಂದ ಸುಮ್ಮನಿರುವುದು ಸರಿಯಲ್ಲವೆಂದು ಈ ಲೇಖನ ಬರೆಯುತ್ತಿದ್ದೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುವೆ: ಷರೀಫರ ಪದಕ್ಕೆ ಗಿಟಾರು ಮೈಲಿಗೆಯಲ್ಲ. ಮೈಲಿಗೆಯೇನಾದರೂ ಇದ್ದರೆ ಅದು, ಪದವನ್ನು ಹಾಡದೆ ಬಿಟ್ಟು ಅದರ ‘ಪಾವಿತ್ರ್ಯ’ವನ್ನು ಮಾತ್ರ ಕಾಯುವ ನಮ್ಮ ಗುಣದಲ್ಲಿದೆ.

ಈ ಆಕ್ಷೇಪಣೆಗೆ ಎಲ್ಲಕ್ಕಿಂತ ಹೆಚ್ಚಾಗಿ ಗುರಿಯಾದದ್ದು ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತರ ತಂಡದ ಮೊದಲ ಧ್ವನಿಸಂಪುಟ. ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡದ ಹೆಸರನ್ನೇ ಹೊತ್ತು 2008ರಲ್ಲಿ ಅದು ಹೊರಬಂದಿತು. ಪ್ರಕಟಿಸಿದವರು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್. ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ‘ಅಂತರಾಗ್ನಿ’ ಎಂಬ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ಅಲೆದವರು. ಅವರ ಈ ಸಂಪುಟದಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಪದಗಳಿವೆ: ‘ಗುಡುಗುಡಿಯಾ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಇವೆರಡೇ ಈ ಎಲ್ಲ ಗದ್ದಲಕ್ಕೆ ಕಾರಣ.

ಗದ್ದಲ ಹಳೆಯದಾಯಿತು, ಈಗೇಕೆ ಕೆದಕುವುದು ಎಂದು ತಾವು ಕೇಳಬಹುದು. ಅದಕ್ಕೊಂದು ಕಾರಣವಿದೆ. ನಮ್ಮ ಸೀಮೆಯ ಒಂದು ಶಾಲೆಯ ಸ್ನೇಹಸಮ್ಮೇಳನಕ್ಕೆ (ಯಾವ ಶಾಲೆಯೆಂಬುದು ಇಲ್ಲಿ ಅಪ್ರಸ್ತುತ) ನಾಲ್ವರು ಹುಡುಗರು ‘ಗುಡುಗುಡಿಯಾ’ ಪದವನ್ನು ಗಿಟಾರಿನೊಂದಿಗೆ ಅಭ್ಯಾಸ ಮಾಡಿದ್ದರು. ಗಿಟಾರು ಯಾರದೋ ಮನೆಯಿಂದ ಎರವಲು ತಂದದ್ದು. ಡ್ರಮ್ಮು ಎಲ್ಲಿಂದ ಬರಬೇಕು? ಬೆಂಚಿನ ಹಲಗೆಯನ್ನೇ ಬಾರಿಸುತ್ತಿದ್ದರು. ಕಾರ್ಯಕ್ರಮಕ್ಕೆ ಎರಡು ದಿನವಿರುವಾಗ ಸಂಘಟಕರು, ‘ಸಂತರ ಪದವನ್ನು ಹೀಗೆ ಕುಣಿದು ಹಾಡಬಾರದು’ ಎಂದು ಅದನ್ನು ಕೈಬಿಟ್ಟರು. ಆ ಹತ್ತು ನಿಮಿಷಕ್ಕೆ ಏನು ಬಂತು ಗೊತ್ತೇ? ಹುಡುಗರಲ್ಲಿ ಒಬ್ಬ ನನ್ನೆದುರು ಹೇಳಿದ: ‘ಸರ್, ಷರೀಫಜ್ಜನ ಹಾಡ ಬ್ಯಾಡಂದ್ರಿ. ಅದರ ಬದ್ಲಿ ಸಿನಿಮಾ ಹಾಡಿಗೆ ಡಿಜೆ ಹಚ್ಚಿ ಕುಣಿರಿ ಅಂದ್ರಿ.’ ಆಹಾ, ಎಂಥ ಸಂಸ್ಕೃತಿ ರಕ್ಷಣೆ! ಸಂತನ ಪದಕ್ಕೆ ಕುಣಿದರೆ ಅಪಚಾರ; ಅರ್ಥವಿಲ್ಲದ ಅಬ್ಬರಕ್ಕೆ ಕುಣಿದರೆ ಸ್ನೇಹಸಮ್ಮೇಳನ!

ಇರಲಿ. ಕೋಪ ಬಿಟ್ಟು ವಿಚಾರಕ್ಕೆ ಬರೋಣ. ಮೊದಲು ಷರೀಫರನ್ನೇ ಕೇಳೋಣ.

ಷರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಹುಟ್ಟಿ 1889ರಲ್ಲಿ ದೇಹ ಬಿಟ್ಟವರು. ಮುಸಲ್ಮಾನ ಮನೆತನದ ಈ ಹುಡುಗನನ್ನು ಕಳಸದ ಗುರು ಗೋವಿಂದಭಟ್ಟರು ಶಿಷ್ಯನಾಗಿ ಸ್ವೀಕರಿಸಿದರು. ಶಿಷ್ಯನ ಕೊರಳಿಗೆ ಗುರುವೇ ಜನಿವಾರ ಹಾಕಿದನೆಂಬ ಕಥೆ ಜನಜನಿತ. ಅಂದಿನ ಮಡಿವಂತರು ಇಬ್ಬರನ್ನೂ ಹೇಗೆ ನೋಡಿರಬಹುದೆಂಬುದನ್ನು ಊಹಿಸಿಕೊಳ್ಳಿ. ‘ಇದು ಇದಕ್ಕೆ ಹೊಂದದು, ಅದು ಅದಕ್ಕೆ ತಾಗಬಾರದು’ ಎಂಬ ಮಾತನ್ನು ಬದುಕಿಡೀ ಕೇಳಿ, ಬದುಕಿಡೀ ಮೀರಿದ ಮನುಷ್ಯ ಅವರು. ಅಂಥವರ ಹೆಸರಿನಲ್ಲಿಯೇ ನಾವು ಹೊಸದೊಂದು ಮಡಿಯನ್ನು ಕಟ್ಟುವುದೆಂದರೆ ಇದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ?

ಕುಣಿಯಬಾರದು ಎನ್ನುವವರು ಇನ್ನೊಂದನ್ನು ಮರೆತಿದ್ದಾರೆ. ಷರೀಫರು ಮೊಹರಮ್ಮಿನ ಅಲಾವಿ ಹಬ್ಬಕ್ಕಾಗಿ ರಿವಾಯತ ಪದಗಳನ್ನು ರಚಿಸಿದವರು. ರಿವಾಯತ ಪದವನ್ನು ಕಣ್ಣು ಮುಚ್ಚಿ ಕುಳಿತು ಹಾಡುವುದಿಲ್ಲ. ಗೆಜ್ಜೆ ಕಟ್ಟಿ, ಸುತ್ತುಗಟ್ಟಿ, ಹೆಜ್ಜೆ ಹಾಕುತ್ತ ಹಾಡುತ್ತಾರೆ. ನಮ್ಮ ಭಾಗದ ಹಳ್ಳಿಗಳಲ್ಲಿ ಹೆಜ್ಜೆಮೇಳ ನೋಡಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ರಘು ದೀಕ್ಷಿತರು ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಏರುತ್ತಾರೆ. ಗೆಜ್ಜೆಯನ್ನು ಕಂಡು ಹೌಹಾರುವವರು ಮೊದಲು ಅಲಾವಿ ಕುಣಿಯ ಸುತ್ತ ಒಂದು ರಾತ್ರಿ ನಿಂತು ಬರಲಿ.

ಇನ್ನು ‘ಯಂತ್ರಯುಗದ ವಾದ್ಯ’ ಎಂಬ ದೂರು. ಷರೀಫರ ಕಾಲದಲ್ಲಿ ನಮ್ಮ ಸೀಮೆಗೆ ಬಂದ ಅತ್ಯಂತ ಹೊಸ ವಸ್ತುಗಳಲ್ಲಿ ಗಿರಣಿಯೂ ಒಂದು. ಅದನ್ನು ನೋಡಿ ಷರೀಫರು ಮೂಗು ಮುರಿಯಲಿಲ್ಲ. ಗಿರಣಿಯನ್ನೇ ವಸ್ತುವಾಗಿಸಿ ಪದ ಕಟ್ಟಿ, ಅದರ ಗಾಲಿ, ನೂಲುಗಳಲ್ಲಿ ಅಧ್ಯಾತ್ಮವನ್ನು ಕಂಡರು. ಗುಡುಗುಡಿಯೂ ಹಾಗೆಯೇ. ಹೊಗೆಬತ್ತಿ ಸೇದುವ ಸಾಮಾನು ಸತ್ಪುರುಷರ ಪದಕ್ಕೆ ತಕ್ಕುದೇ ಎಂದು ಅವರು ಯೋಚಿಸಲಿಲ್ಲ. ಅದರಲ್ಲಿ ದೇಹವನ್ನೂ ಉಸಿರನ್ನೂ ಕಂಡರು. ಕಣ್ಣಿಗೆ ಬಿದ್ದ ಹೊಸದನ್ನೆಲ್ಲ ಪದದ ಒಳಗೆ ಕರೆದುಕೊಂಡ ಕವಿಗೆ ಆರು ತಂತಿಯ ಒಂದು ಮರದ ಪೆಟ್ಟಿಗೆ ಭಾರವಾದೀತೇ?

ಎರಡನೆಯದಾಗಿ, ನಾವು ಕಾಯುತ್ತಿರುವ ‘ಶುದ್ಧ’ ಧಾಟಿ ಯಾವುದು? ಇದನ್ನು ಸ್ವಲ್ಪ ಶೋಧಿಸಿ ನೋಡಬೇಕು.

ಗಿಟಾರು ಬೇಡವೆನ್ನುವವರ ಭಜನಾಮೇಳದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇದ್ದೇ ಇರುತ್ತದೆ. ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ. 1842ರಲ್ಲಿ ಅಲೆಕ್ಸಾಂಡರ್ ದೆಬೇನ್ ಎಂಬಾತ ಅದರ ಹಕ್ಕುಪತ್ರ ಪಡೆದ. ಅಂದರೆ ಷರೀಫರಿಗಿಂತ ಇಪ್ಪತ್ತಮೂರು ವರ್ಷ ಚಿಕ್ಕ ವಾದ್ಯವಿದು! ಇದು ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿತ್ತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಪಿಟೀಲಿನ ಕಥೆಯೂ ಬೇರೆಯಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಯುರೋಪಿಯನ್ನರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಇಂದು ಪಿಟೀಲಿಲ್ಲದ ಕಛೇರಿಯನ್ನು ಊಹಿಸಲಾದೀತೇ? ಅಂದು ಆ ದೀಕ್ಷಿತರು ಪಿಟೀಲು ತಂದರು, ಇಂದು ಈ ದೀಕ್ಷಿತರು ಗಿಟಾರು ತಂದರು. ಹಾರ್ಮೋನಿಯಂ ನಮ್ಮದು, ಗಿಟಾರು ಪರಕೀಯ ಎನ್ನುವುದು ‘ಅಳಿಯ ಅಲ್ಲ, ಮಗಳ ಗಂಡ’ ಎಂದಂತೆ.

ಧಾಟಿಯ ವಿಷಯವೂ ಇಷ್ಟೇ. ‘ಮೂಲ ಧಾಟಿ ಕೆಟ್ಟಿತು’ ಎಂದು ಮರುಗುವವರನ್ನು ಆ ಮೂಲ ಧಾಟಿ ಹಾಡಿ ತೋರಿಸಿರೆಂದು ಕೇಳಿ ನೋಡಿ. ಬಹುಮಂದಿ ಹಾಡುವುದು ಸಿ. ಅಶ್ವತ್ಥರ ಧಾಟಿಯನ್ನು! ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಷರೀಫರ ಪದಗಳನ್ನು ಹೆಕ್ಕಿ ಕೊಟ್ಟರು. ಆ ಕಾರಣಕ್ಕೆ ಅವರನ್ನು ಜನ ಪ್ರೀತಿಯಿಂದ ‘ಷರೀಫ್ ಭಟ್ಟ’ರೆಂದೇ ಕರೆದರು. ಅಶ್ವತ್ಥರು ಅವಕ್ಕೆ ಸ್ವರ ಹಾಕಿ, ತಮ್ಮ ಸಿಂಹಕಂಠದಿಂದ ಹಾಡಿ, ಧ್ವನಿಸುರುಳಿಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. ಶಿವಮೊಗ್ಗ ಸುಬ್ಬಣ್ಣನವರ ಕಂಠವೂ ಜೊತೆಗೂಡಿತು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂತು. ಶ್ರೀಧರ್ ಷರೀಫರಾಗಿ, ಗಿರೀಶ್ ಕಾರ್ನಾಡರು ಗೋವಿಂದಭಟ್ಟರಾಗಿ ಅಭಿನಯಿಸಿದರು, ಸಂಗೀತ ಅಶ್ವತ್ಥರದೇ. ನನ್ನ ತಲೆಮಾರಿನ ಕಿವಿಯಲ್ಲಿ ಷರೀಫರೆಂದರೆ ಅಶ್ವತ್ಥರ ಕಂಠ. ಆ ಸಾಧನೆಗೆ ನಾನು ಕೈಮುಗಿಯುತ್ತೇನೆ. ಆದರೆ ಅದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಬೆಂಗಳೂರಿನ ಧ್ವನಿಮುದ್ರಣ ಕೋಣೆಗಳಲ್ಲಿ ರೂಪುಗೊಂಡ ಸಾಧನೆ. ಏಕತಾರಿ ಹಿಡಿದು ಹಾಡುವ ಹಳ್ಳಿಯ ಅಜ್ಜನ ಧಾಟಿ ಅದಲ್ಲ, ಆಗಬೇಕಾಗಿಯೂ ಇರಲಿಲ್ಲ. ಒಂದು ತಲೆಮಾರು ತನ್ನ ಕಾಲದ ವಾದ್ಯಗಳಿಂದ ಪದವನ್ನು ಎತ್ತಿಕೊಂಡರೆ ‘ಪುನರುಜ್ಜೀವನ’, ಮುಂದಿನ ತಲೆಮಾರು ಅದನ್ನೇ ಮಾಡಿದರೆ ‘ವಿರೂಪ’! ಇದು ಯಾವ ನ್ಯಾಯ?

ನಮ್ಮ ನೆಲದತ್ತಲೇ ನೋಡಿ. ಈ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮ ಹಾಡಿ ಮೆರೆಸಿದ ‘ಶ್ರೀಕೃಷ್ಣ ಪಾರಿಜಾತ’ ಹಾರ್ಮೋನಿಯಮ್ಮನ್ನು ತಬಲಾವನ್ನು ತನ್ನದಾಗಿಸಿಕೊಂಡೇ ಬೆಳೆಯಿತು. ನಮ್ಮ ನೆರೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಬಯಲಾಟದ ಕಸುವನ್ನು 1970ರ ದಶಕದಲ್ಲಿ ‘ಜೋಕುಮಾರಸ್ವಾಮಿ’ಯ ಮೂಲಕ ಆಧುನಿಕ ರಂಗಭೂಮಿಗೆ ಒಯ್ದರು, ಅದನ್ನು ಬಿ. ವಿ. ಕಾರಂತರು ಆಡಿಸಿದರು. ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಬಂದಾಗ ನಾವೆಲ್ಲ ಊರೂರಿಗೆ ಸಿಹಿ ಹಂಚಿದೆವು. ಬಯಲಾಟ ಬೆಂಗಳೂರಿನ ರಂಗಮಂದಿರ ಹೊಕ್ಕರೆ ಹೆಮ್ಮೆಪಡುವ ನಾವು, ತತ್ವಪದ ಗಿಟಾರಿನ ಮೇಲೆ ಕುಳಿತರೆ ಮಾತ್ರ ಹುಬ್ಬು ಗಂಟಿಕ್ಕುವುದೇಕೆ?

ಇಷ್ಟು ಹೊತ್ತು ಆಕ್ಷೇಪಣೆಗೆ ಉತ್ತರವಾಯಿತು. ಆದರೆ ಒಂದು ಕೃತಿ ‘ತಪ್ಪಲ್ಲ’ ಎಂದು ಸಾಧಿಸಿದ ಮಾತ್ರಕ್ಕೆ ಅದು ಚೆನ್ನಾಗಿದೆಯೆಂದು ಆಗುವುದಿಲ್ಲ. ಆ ಸಂಪುಟದ ಗುಣವೇನು?

ಇಂಗ್ಲಿಷ್ ಸಂಗೀತದಲ್ಲಿ ‘ಪವರ್ ಪಾಪ್’ ಎಂಬ ಒಂದು ಬಗೆಯಿದೆ. ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ 1967ರಲ್ಲಿ ತಮ್ಮ ಸಂಗೀತವನ್ನು ಕುರಿತು ಬಳಸಿದ ಹೆಸರು. ಅದರ ಲಕ್ಷಣ ಸರಳ: ಗಿಟಾರಿನಲ್ಲಿ ಕಸುವು ಇರಬೇಕು, ಆದರೆ ರಾಗದ ಇಂಪು ಕೆಡಬಾರದು, ಹಾಡು ಚಿಕ್ಕದಿರಬೇಕು, ಪಲ್ಲವಿ ಒಮ್ಮೆ ಕೇಳಿದರೆ ಎರಡನೆಯ ಸಲ ಕೇಳುಗನೇ ಹಾಡುವಂತಿರಬೇಕು. ಈಗ ನಮ್ಮ ತತ್ವಪದದ ಮೈಕಟ್ಟನ್ನು ನೋಡಿ. ಒಂದು ಪಲ್ಲವಿ, ಮೂರೋ ನಾಲ್ಕೋ ನುಡಿ, ಕೊನೆಗೆ ಅಂಕಿತ. ಮುಂದಿನವ ಒಂದು ಸಾಲು ಎತ್ತಿಕೊಡುತ್ತಾನೆ, ಹಿಮ್ಮೇಳದವರು ಹೊತ್ತುಕೊಳ್ಳುತ್ತಾರೆ. ನುಡಿಯಿಂದ ನುಡಿಗೆ ತಾಳದ ಬಡಿತ ಏರುತ್ತದೆ. ಕೊನೆಯ ಪಲ್ಲವಿಯ ಹೊತ್ತಿಗೆ ಗುಡಿಯ ಕಟ್ಟೆಯೇ ಹಾಡುತ್ತಿದೆಯೆಂದು ಅನಿಸುತ್ತದೆ. ಈ ಎರಡರ ಅಸ್ಥಿಪಂಜರ ಒಂದೇ. ರಘು ದೀಕ್ಷಿತರ ಜಾಣ್ಮೆಯಿರುವುದು ಈ ಒಂದೇತನವನ್ನು ಕಂಡುಕೊಂಡದ್ದರಲ್ಲಿ. ಅವರು ತತ್ವಪದಕ್ಕೆ ಹೊರಗಿನಿಂದ ಅಂಗಿ ತೊಡಿಸಲಿಲ್ಲ. ಒಳಗಿದ್ದ ನಡೆಯನ್ನು ಹೊರಗೆ ಕೇಳುವಂತೆ ಮಾಡಿದರು.

‘ಗುಡುಗುಡಿಯಾ’ ಪದವನ್ನು ಕಿವಿಗೊಟ್ಟು ಕೇಳಿ. ಗಿಟಾರಿನ ಬಿಡದ ಮೀಟು ದಮ್ಮಡಿಯ ಕೆಲಸ ಮಾಡುತ್ತದೆ. ಪಿಟೀಲು ನುಡಿ ನುಡಿಗಳ ನಡುವೆ ನುಗ್ಗಿ ಹಾಡುಗನನ್ನು ಕೆಣಕುತ್ತದೆ, ಪಾರಿಜಾತದಲ್ಲಿ ಭಾಗವತನನ್ನು ದೂತಿ ಕೆಣಕಿದಂತೆ. ಹಾಡುಗನ ಕಂಠ ನಯಗೊಳಿಸಿದ ಕಂಠವಲ್ಲ. ಎದೆಯಿಂದ ತೆರೆದು ಬಿಟ್ಟದ್ದು. ಭಾವಗೀತೆಯ ಹೆಸರಿನಲ್ಲಿ ಕನ್ನಡದ ಕಂಠಗಳು ಅತಿಯಾಗಿ ಮೃದುವಾಗುತ್ತಿದ್ದ ಕಾಲದಲ್ಲಿ ಈ ತೆರೆದ ಕಂಠ ಬಂದಿತು. ಮೈಕಿಲ್ಲದ ಕಾಲದಲ್ಲಿ ಊರ ಕೊನೆಯ ಮನೆಗೆ ಕೇಳುವಂತೆ ಹಾಡುತ್ತಿದ್ದ ಭಜನೆಯವರ ಕಂಠಕ್ಕೆ ಇದೇ ಹತ್ತಿರದ ನೆಂಟ.

ಇನ್ನು ‘ಮಾಳಿಗಿ’. ಹಳ್ಳಿಯ ನಾಲಿಗೆಯ ‘ಗಿ’ಕಾರವನ್ನು ‘ಮಾಳಿಗೆ’ ಎಂದು ತಿದ್ದದೆ, ಶೀರ್ಷಿಕೆಯಲ್ಲಿಯೂ ಹಾಗೆಯೇ ಇಟ್ಟದ್ದು ನನಗೆ ಹಿಡಿಸಿತು. ಗೋಕಾಕ, ಮೂಡಲಗಿಯ ಬಯಲಿನ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹೊದಿಕೆ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕದಿದ್ದರೆ ಆ ವರ್ಷ ಒಲೆಯ ಮೇಲೆಯೇ ನೀರು. ಷರೀಫರ ದೃಷ್ಟಿಯಲ್ಲಿ ಆ ಮನೆ ಈ ದೇಹ. ಬಿರುಕು ನಮ್ಮ ಅಜ್ಞಾನ. ಇಂದು ಸಿಮೆಂಟಿನ ಸ್ಲ್ಯಾಬಿನ ಕೆಳಗೆ ಹುಟ್ಟಿದ ಮಗುವಿಗೆ ಮಾಳಿಗೆ ಸೋರುವುದೆಂದರೇನೆಂದು ಗೊತ್ತಿಲ್ಲ. ತರಗತಿಯಲ್ಲಿ ಅರ್ಧ ತಾಸು ವಿವರಿಸಿದರೂ ಹುಡುಗರು ಆಕಳಿಸುತ್ತಿದ್ದುದನ್ನು ಬಲ್ಲೆ. ಆದರೆ 2008ರ ನಂತರದ ವರ್ಷಗಳಲ್ಲಿ ಈ ಹಾಡನ್ನು ಮೊಬೈಲಿನಲ್ಲಿ ಕೇಳಿದ ಹುಡುಗರು ತಾವಾಗಿಯೇ ಬಂದು, ‘ಸರ್, ಮಾಳಿಗಿ ಅಂದ್ರ ಬರೇ ಮನಿ ಮ್ಯಾಲಿನ ಮಾಳಿಗೀನ ಏನ್ರಿ, ಮತ್ತೇನರ ಐತ್ರಿ?’ ಎಂದು ಕೇಳಿದರು. ಬಿ.ಎಡ್. ತರಗತಿಯಲ್ಲಿ ನಮಗೆ ಪಾಠಕ್ಕೆ ಮುನ್ನ ಕುತೂಹಲ ಕೆರಳಿಸಬೇಕೆಂದು ಕಲಿಸಿದ್ದರು. ಆ ಪೀಠಿಕೆಯನ್ನು ಇಲ್ಲಿ ಗಿಟಾರು ಹಾಕಿಕೊಟ್ಟಿತು. ಪಾಠ ಮಾಡಬೇಕಾದವರು ನಾವು. ಪೀಠಿಕೆಯನ್ನೇ ಬೈದು ಪಾಠವನ್ನೂ ಬಿಟ್ಟವರನ್ನು ಏನೆಂದು ಕರೆಯೋಣ?

ಹಾಗೆಂದು ಈ ಸಂಪುಟ ದೋಷರಹಿತವೆಂದು ನಾನು ವಾದಿಸುವುದಿಲ್ಲ. ಕನ್ನಡದ ಪಾಲು ಚಿಕ್ಕದು. ಹಿಂದಿ, ಇಂಗ್ಲಿಷ್ ಹಾಡುಗಳ ಸಾಹಿತ್ಯ ಷರೀಫರ ಎರಡು ಪದಗಳ ಪಕ್ಕದಲ್ಲಿ ತೆಳ್ಳಗೆ ಕಾಣುತ್ತದೆ. ಅರ್ಥದ ಆಳವನ್ನು ಬಯಸಿ ಕೇಳುವವನು ಮತ್ತೆ ಮತ್ತೆ ಆ ಎರಡಕ್ಕೇ ಮರಳುತ್ತಾನೆ. ವಾದ್ಯಗಳ ವೇಗ ಏರಿದಾಗ ಪದದ ಒಳ ಅರ್ಥಕ್ಕೆ ನಿಲ್ಲಲು ತಾವು ಸಾಲದು. ತತ್ವಪದಕ್ಕೆ ಮೌನವೂ ಬೇಕು. ಒಂದು ನುಡಿ ಮುಗಿದ ಮೇಲೆ ಏಕತಾರಿಯೊಂದೇ ಮಿಡಿಯುವ ಆ ಅರೆಕ್ಷಣ ಇಲ್ಲಿಲ್ಲ. ಈ ಕೊರತೆಗಳನ್ನು ಹೇಳೋಣ, ಕಟುವಾಗಿಯೇ ಹೇಳೋಣ. ಆದರೆ ಕೇಳಿ ಹೇಳುವ ವಿಮರ್ಶೆ ಬೇರೆ, ಗಿಟಾರು ಕಂಡೊಡನೆ ಹಾಕುವ ಬಹಿಷ್ಕಾರ ಬೇರೆ. ಮೊದಲನೆಯದರಿಂದ ಕಲೆ ಬೆಳೆಯುತ್ತದೆ. ಎರಡನೆಯದರಿಂದ ಹುಡುಗರು ಓಡಿಹೋಗುತ್ತಾರೆ.

ಇನ್ನೊಂದು ಪಂಗಡವೂ ಇದೆ; ಅವರಿಗೂ ಎರಡು ಮಾತು ಹೇಳಬೇಕು. ಈ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಅವರ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು; ಅದರ ಬೆನ್ನಲ್ಲೇ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತದ ಪಟ್ಟಿಯಲ್ಲಿ ಈ ಸಂಪುಟ ಮೊದಲ ಸ್ಥಾನಕ್ಕೇರಿತು. ಅಷ್ಟಾದ ಮೇಲೆ ನಮ್ಮವರಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಷರೀಫರು ದೊಡ್ಡ ಕವಿಯಾದರು. ‘ಬಿಳಿಯರೇ ತಲೆದೂಗಿದರಂತೆ’ ಎಂಬುದು ಇವರ ವಾದ. ಇದು ಮೊದಲ ಪಂಗಡದ ವಾದದಷ್ಟೇ ಟೊಳ್ಳು. ಲಂಡನ್ನಿನವರು ತಲೆದೂಗುವ ಮೊದಲು ನೂರಾರು ವರ್ಷ ನಮ್ಮ ರೈತರು, ನೇಕಾರರು, ಕುರುಬರು ಇಂಥ ಪದಗಳಿಗೆ ತಲೆದೂಗಿದ್ದಾರೆ. ವಿಲಾಯತಿ ಮುದ್ರೆ ಬಿದ್ದ ಮೇಲೆ ಮಾತ್ರ ಚಿನ್ನವೆನ್ನುವವನಿಗೆ ಚಿನ್ನದ ಬಣ್ಣ ಗೊತ್ತಿಲ್ಲವೆಂದೇ ಅರ್ಥ. ಒಬ್ಬನು ಗಿಟಾರು ಪರದೇಶದ್ದೆಂದು ಹಾಡನ್ನು ತಳ್ಳುತ್ತಾನೆ. ಇನ್ನೊಬ್ಬನು ಪರದೇಶ ಮೆಚ್ಚಿತೆಂದು ಹಾಡನ್ನು ಹೊರುತ್ತಾನೆ. ಇಬ್ಬರೂ ಪದವನ್ನು ಕೇಳಲೇ ಇಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಷರೀಫರ ಪದ ಹಾಳಾಗುತ್ತಿದೆಯೆಂದು ಮರುಗುವ ಹಿರಿಯರೇ, ತಮ್ಮ ಊರಿನ ಭಜನಾಮೇಳದಲ್ಲಿ ಈಗ ಎಷ್ಟು ಮಂದಿ ಇದ್ದಾರೆ? ಅವರಲ್ಲಿ ನಲವತ್ತರ ಒಳಗಿನವರು ಎಷ್ಟು? ಅಮಾವಾಸ್ಯೆಯ ಭಜನೆಗೆ ಹಾಡುಗರ ಬದಲು ಮೆಮರಿ ಕಾರ್ಡನ್ನು ಧ್ವನಿವರ್ಧಕಕ್ಕೆ ತುರುಕುವ ಗುಡಿಗಳು ಎಷ್ಟಾದವು? ನೂರಿನ್ನೂರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಮಣ್ಣಿಗೆ ಸಂದಾಗ, ಅವರ ಧ್ವನಿಯನ್ನು ಹಿಡಿದಿಡಲು ಯಾರು ಹೋಗಿದ್ದರು? ಕಿಸೆಯಲ್ಲಿರುವ ಮೊಬೈಲಿನಿಂದ ಆಗಬಹುದಾದ ಕೆಲಸ ಅದು. ಅಪಚಾರವೆಂದರೆ ಇದು. ಗಿಟಾರಿನಿಂದ ಒಂದು ಪದವೂ ಸತ್ತಿಲ್ಲ. ನಮ್ಮ ಉದಾಸೀನದಿಂದ ಎಷ್ಟು ಸತ್ತವೋ ಲೆಕ್ಕವಿಟ್ಟವರಿಲ್ಲ.

ಆದುದರಿಂದ ನನ್ನ ಬೇಡಿಕೆ ಚಿಕ್ಕದು. ಶಾಲೆಯ ಸ್ನೇಹಸಮ್ಮೇಳನಗಳಲ್ಲಿ ಹುಡುಗರು ಗಿಟಾರಿನೊಂದಿಗೆ ತತ್ವಪದ ಹಾಡುವೆವೆಂದು ಬಂದರೆ ತಡೆಯಬೇಡಿ. ಬದಲಿಗೆ ಅವರಿಗೆ ಮೂರು ಕೆಲಸ ಹಚ್ಚಿರಿ. ಹಾಡುವ ಮೊದಲು ಪದವನ್ನು ಪೂರ್ತಿಯಾಗಿ, ಅಂಕಿತದ ಸಮೇತ, ಕೈಯಿಂದ ಬರೆಯಲಿ. ಪ್ರತಿ ನುಡಿಯ ಅರ್ಥವನ್ನು ಕನ್ನಡ ಮಾಸ್ತರರ ಮುಂದೆ ಹೇಳಲಿ. ಆಮೇಲೆ ಊರಿನಲ್ಲಿ ಆ ಪದ ಬಲ್ಲ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಹುಡುಕಿ, ಅವರು ಹಾಡುವ ಧಾಟಿಯನ್ನು ಕೇಳಿ ಬರಲಿ. ಇಷ್ಟು ಮಾಡಿದ ಹುಡುಗ ಗಿಟಾರನ್ನಾದರೂ ನುಡಿಸಲಿ, ಬೆಂಚಿನ ಹಲಗೆಯನ್ನಾದರೂ ಬಾರಿಸಲಿ, ಷರೀಫಜ್ಜ ಅವನ ಬಾಯಲ್ಲಿ ಕ್ಷೇಮವಾಗಿರುತ್ತಾನೆ.

ಭಿನ್ನಾಭಿಪ್ರಾಯವುಳ್ಳವರು ಧಾರಾಳವಾಗಿ ತಿಳಿಸಬಹುದು. ಆದರೆ ದಯವಿಟ್ಟು ಆ ಎರಡು ಹಾಡುಗಳನ್ನು ಒಮ್ಮೆ ಪೂರ್ತಿ ಕೇಳಿದ ಮೇಲೆಯೇ ತಿಳಿಸಿರಿ.